ಬಾಗಿಲಲ್ಲಿ ಅವರು ಕಂಡದ್ದು

ಬೆಳಕು ಕಂಡೆ, ದೇವರ ಮಹಿಮೆ ಕಂಡೆ ಎಂದು ಸಾಕ್ಷಿ ಹೇಳುವವರನ್ನು ನಾನು ನಂಬುತ್ತಿರಲಿಲ್ಲ. ಸಭಾಪಾಲಕನಾಗಿದ್ದವನು ಹೀಗೆನ್ನಬಹುದೇ ಎಂದು ಬೇಸರಪಡಬೇಡಿ. ಉಪವಾಸದ ಮೂರನೆಯ ದಿನ ಯಾರಿಗಾದರೂ ಏನಾದರೂ ಕಂಡರೆ, ಮೊದಲು ಒಂದು ರೊಟ್ಟಿ ತಿಂದು ಬಾ, ಆಮೇಲೂ ಕಂಡರೆ ಹೇಳು ಎಂದು ಕಳಿಸುತ್ತಿದ್ದೆ. ಈಗ ಆ ಮಾತಿಗೆ ನಾಚಿಕೆಯಾಗುತ್ತದೆ.

ಆಗ ನಾನು ಆದೋನಿಯಲ್ಲಿದ್ದೆ. ತಿಂಗಳ ಮೊದಲ ಭಾನುವಾರ ಬೆಳಗಿನ ಬಸ್ಸಿಗೆ ಕೌತಾಳಂ ಕಡೆಯ ಒಂದು ಹಳ್ಳಿಗೆ ಹೋಗಿ ಅಲ್ಲಿನ ಸಭೆಗೆ ಪ್ರಭುಭೋಜನ, ಅಂದರೆ ಕ್ರಿಸ್ತನ ನೆನಪಿನ ರೊಟ್ಟಿ ಮತ್ತು ದ್ರಾಕ್ಷಾರಸ, ಕೊಡಬೇಕಿತ್ತು. ತೆಲುಗಿನ ಬಳಕೆಯಂತೆ ಅಲ್ಲಿಯವರು ಅದಕ್ಕೆ ‘ಬಲ್ಲ’ ಎನ್ನುತ್ತಾರೆ. ಬಲ್ಲ ಎಂದರೆ ಮೇಜು.

ಆ ಸಭೆಯಲ್ಲಿ ಸುಗುಣಮ್ಮ ಎಂಬ ಹೆಂಗಸಿದ್ದಳು. ಅವಳ ಅತ್ತೆ ಕ್ರೈಸ್ತಳಲ್ಲ, ಎರಡೂ ಕಣ್ಣಿಲ್ಲದ ಮುದುಕಿ. ಸಾಯುವ ಮುಂಚೆ ಒಮ್ಮೆ ಮಂತ್ರಾಲಯಕ್ಕೆ ಹೋಗಬೇಕೆಂದು ಅತ್ತೆ ಗೋಗರೆದಾಗ ಸುಗುಣಮ್ಮನೇ ಕೈಹಿಡಿದು ಕರೆದೊಯ್ದಳು. ಅಲ್ಲಿ ಕೊಟ್ಟ ಪ್ರಸಾದವನ್ನು ಅತ್ತೆಯ ಬಾಯಿಗಿಟ್ಟು ತಾನೂ ತಿಂದಳು. ಊರಿನವರಾರೋ ನೋಡಿದರು. ಅನ್ಯದೇವರ ಪ್ರಸಾದ ತಿಂದದ್ದಕ್ಕೆ ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳುವವರೆಗೆ ಅವಳಿಗೆ ಬಲ್ಲ ಇಲ್ಲವೆಂದು ಸಭೆಯ ಹಿರಿಯ ದಾನಿಯೇಲಪ್ಪ ಪಟ್ಟು ಹಿಡಿದ.

ಹಾವೂ ಸಾಯದಂತೆ ಕೋಲೂ ಮುರಿಯದಂತೆ ‘ತಪ್ಪಾಯಿತು’ ಎಂದುಬಿಡು ಎಂದು ಅವಳಿಗೆ ನಾನೇ ಹೇಳಿಕೊಟ್ಟೆ. ಅವಳು ಒಪ್ಪಲಿಲ್ಲ.

“ಆಕಿ ಕಣ್ಣಿಲ್ಲದಾಕಿ ಅಯ್ಯಗಾರು. ‘ನೀನೂ ತಿಂದಿಯೇನವ್ವಾ’ ಅಂತ ಕೇಳಿದ್ಲು. ತಿನ್ನದೇ ತಿಂದೀನಂತ ಸುಳ್ಳು ಹೆಂಗ ಹೇಳ್ಲಿರಿ?”

ಅವಳ ಮಾತೇ ಸರಿ ಎಂದು ನನಗೆ ಗೊತ್ತಿತ್ತು. ದಾನಿಯೇಲಪ್ಪನನ್ನು ಎದುರುಹಾಕಿಕೊಳ್ಳುವ ಧೈರ್ಯ ಮಾತ್ರ ಇರಲಿಲ್ಲ. ಹಿರಿಯರ ತೀರ್ಮಾನದ ಕೆಳಗೆ ನಾನೂ ಸಹಿ ಹಾಕಿದೆ. ಅಂದಿನಿಂದ ಬಲ್ಲದ ಭಾನುವಾರಗಳಲ್ಲಿ ಅವಳು ಒಳಗೆ ಬಾರದೆ, ಚಪ್ಪಲಿ ಬಿಡುವ ಮೆಟ್ಟಿಲ ಮೇಲೆ ಕೂತು ಆರಾಧನೆ ಕೇಳಿ ಹೋಗುತ್ತಿದ್ದಳು.

ಹೀಗೆ ನಾಲ್ಕು ತಿಂಗಳು ಕಳೆದವು. ಐದನೆಯ ತಿಂಗಳು ನಾನು ಪ್ರಸಂಗಕ್ಕೆ ಆರಿಸಿಕೊಂಡದ್ದು, ನೋಡಿ, ಹರಿದ ತೆರೆಯ ವಿಷಯ. ಹಿಂದೆ ಯೆಹೂದ್ಯರ ದೇವಾಲಯದ ಅತಿ ಪರಿಶುದ್ಧ ಸ್ಥಳಕ್ಕೆ ಮಹಾಯಾಜಕನೊಬ್ಬನೇ, ಅದೂ ವರ್ಷಕ್ಕೊಮ್ಮೆ, ತೆರೆ ಸರಿಸಿ ಹೋಗುತ್ತಿದ್ದ. ಕ್ರಿಸ್ತನು ಪ್ರಾಣ ಬಿಟ್ಟಾಗ ಆ ತೆರೆ ಹರಿಯಿತು, ಈಗ ಯಾರಿಗೂ ಅಡ್ಡಿಯಿಲ್ಲ, ನಾವೆಲ್ಲ ಯಾಜಕರೇ ಎಂದು ಅರ್ಧ ಗಂಟೆ ಹೇಳಿದೆ. ಬಾಗಿಲ ಕಡೆ ನೋಡದೆಯೇ ಹೇಳಿದೆ.

ಆಮೇಲೆ ಜನರಿಗೆ ಬೆನ್ನು ಮಾಡಿ, ಮೇಜಿನ ಮೇಲಿದ್ದ ರೊಟ್ಟಿಯ ತಟ್ಟೆ ಎತ್ತಿಕೊಂಡೆ. ಹಿಂದೆ ಎಲ್ಲರೂ ಒಟ್ಟಿಗೆ ಎದ್ದ ಸದ್ದಾಯಿತು. ತಿರುಗಿದರೆ ಅಷ್ಟೂ ಜನ ನನಗೆ ಬೆನ್ನು ಹಾಕಿ, ಬಾಗಿಲ ಕಡೆ ಮೊಣಕಾಲೂರಿದ್ದರು. ದಾನಿಯೇಲಪ್ಪನ ಹಣೆ ನೆಲಕ್ಕೆ ತಾಗಿತ್ತು.

ಬಾಗಿಲಲ್ಲಿ ಸುಗುಣಮ್ಮನಲ್ಲದೆ ಬೇರೇನೂ ಇರಲಿಲ್ಲ. ಅವಳ ಹಿಂದೆ ರಸ್ತೆ, ರಸ್ತೆಯಾಚೆ ಹತ್ತಿಯ ಹೊಲ. ತನ್ನ ಹಿಂದೆ ಯಾರೋ ಬಂದರೆಂದು ಅವಳೂ ಗಾಬರಿಯಿಂದ ಎದ್ದು ತಿರುಗಿ ನೋಡಿದಳು. ಹಿರಿಯರು ಮನಸ್ಸು ಕರಗಿ ಅವಳ ಕ್ಷಮೆ ಕೇಳುತ್ತಿದ್ದಾರೆ ಎಂದೇ ನಾನು ತಿಳಿದೆ. ಅದರಿಂದಲೇ ಧೈರ್ಯ ಬಂತು. ತಟ್ಟೆ ಹಿಡಿದು ಅವರ ನಡುವೆ ನಡೆದು ಮೆಟ್ಟಿಲಿಗೆ ಹೋದೆ.

“ನನಗೂ ಐತೇನ್ರಿ?” ಎಂದು ಕೇಳಿದಳು.

ಕೊಟ್ಟೆ.

ಆರಾಧನೆ ಮುಗಿದ ಮೇಲೆ ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಕರೆದು ವಿಚಾರಿಸಿದೆ. ಮಾತು ಬೇರೆಯಾದರೂ ಎಲ್ಲರೂ ಹೇಳಿದ್ದು ಒಂದೇ. ಕೊನೆಗೆ ಬಂದ ದಾನಿಯೇಲಪ್ಪ ತಲೆ ಎತ್ತದೆ ಹೇಳಿದ: “ಬಾಗಿಲೇ ಕಾಣಲಿಲ್ಲರಿ ಅಯ್ಯಗಾರು, ಅಷ್ಟು ಬೆಳಕು. ನೀವು ತಟ್ಟಿ ಹಿಡ್ಕೊಂಡು ಅದರೊಳಗ ನಡೆದು ಹೋದ್ರಿ. ಹೊಳ್ಳಿ ಬರ್ತೀರೋ ಇಲ್ಲೋ ಅಂತ ಅಂಜಿದ್ವಿ.”

ಆ ಬಾಗಿಲು ಉತ್ತರಕ್ಕಿದೆ, ಬಿಸಿಲು ಬೀಳುವುದಿಲ್ಲ. ಹೊಳೆಯುವ ವಸ್ತುವೂ ಅಲ್ಲಿರಲಿಲ್ಲ. ಇಷ್ಟು ವರ್ಷ ಯೋಚಿಸಿದರೂ ನನಗೆ ಬಗೆಹರಿದಿಲ್ಲ. ಸಹಿ ಹಾಕಿದ ಪಾಪಕ್ಕೆ ನನ್ನ ಕಣ್ಣಿಗೆ ಮರೆಯಾಯಿತೋ, ಅಥವಾ ಬೇರೆ ಏನೋ, ಹೇಳಲಾರೆ. ಹಳ್ಳಿಯವರು ಹೇಳುವುದು ನಿಜವಾದರೆ, ಆ ಬೆಳಕಿನ ನಟ್ಟನಡುವೆ ನಾನು ನಿಂತಿದ್ದೆ. ನನಗೆ ಕಂಡದ್ದು ಸುಗುಣಮ್ಮ ಚಾಚಿದ ಕೈ ಮಾತ್ರ.