ಅಮ್ಮತ್ತಿಗೆ ಬಂದ ಸ್ಟೇಷನ್

ಅಕ್ಕನ ಗಂಡ ನಮ್ಮಲ್ಲಿಗೆ ಬಂದಾಗಲೆಲ್ಲ ಒಂದೇ ಮಾತು: ‘ಎಂಥಾ ಜಿಲ್ಲೆಯಮ್ಮ ನಿಮ್ಮದು, ಕೊಡಗಿಗೆ ಇನ್ನೂ ರೈಲೇ ಬಂದಿಲ್ಲ!’ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರು ಹುಟ್ಟಿ ಬೆಳೆದ ನಗರದಲ್ಲಿ ಹಳೇ ಸ್ಟೇಷನ್ ಕೆಡವಿ ಅಂಗಡಿಸಾಲು ಕಟ್ಟಿ ಎಷ್ಟೋ ಕಾಲವಾಗಿದೆ. ಕೆಡವಿದಾಗ, ಪ್ಲಾಟ್‌ಫಾರ್ಮಿನಲ್ಲಿ ಗಂಟೆಯಾಗಿ ತೂಗುತ್ತಿದ್ದ ರೈಲುಕಂಬಿಯ ತುಂಡನ್ನು ನಮ್ಮಪ್ಪ ಗುಜರಿಯವರಿಂದ ಕೊಂಡು, ಜೀಪಿನಲ್ಲಿ ಹೇರಿಕೊಂಡು ನಮ್ಮೂರು ಅಮ್ಮತ್ತಿಗೆ ತಂದರು. ಈಗಲೂ ಅದು ನಮ್ಮ ಕಾಫಿ ಎಸ್ಟೇಟಿನಲ್ಲಿ ಕೆಲಸದವರ ಲೈನ್‌ಮನೆಗಳ ಮುಂದೆ ಹಲಸಿನ ಮರದಲ್ಲಿ ತೂಗುತ್ತಿದೆ. ಬೆಳಿಗ್ಗೆ ಲೆಕ್ಕ ಬರೆಯುವ ರೈಟರ್ ಅದನ್ನು ಬಾರಿಸಿದ ಮೇಲೇ ಕೆಲಸದವರು ಹಾಜರಿಗೆ ಬರುವುದು. ಆಯುಧಪೂಜೆಯ ದಿನ ಕತ್ತಿ, ಕೋವಿ, ಜೀಪಿಗಿಂತ ಮೊದಲ ಕುಂಕುಮ ಅದಕ್ಕೇ.

ಹೋದ ವರ್ಷ ಕಾಫಿ ಪಿಕ್ಕಿಂಗ್ ಸಮಯದಲ್ಲಿ ಭಾವ ಮೊದಲ ಸಲ ರಾತ್ರಿ ಇಲ್ಲೇ ಉಳಿದುಕೊಂಡರು. ಬೆಳಿಗ್ಗೆ ಗಂಟೆ ಕೇಳಿದ್ದೇ ತಡ, ಬರಿಗಾಲಲ್ಲಿ ಓಡಿಬಂದರು. ‘ಇದು ನಮ್ಮ ಸ್ಟೇಷನ್ ಗಂಟೆ ಅಲ್ವಾ?’ ಎನ್ನುತ್ತ ಕಂಬಿಯನ್ನು ಸವರಿದರು. ಆಮೇಲೆ ಮೆಲ್ಲಗೆ, ‘ನಾನೊಂದು ಸಲ ಬಾರಿಸಲಾ?’ ಎಂದರು.

‘ಈಗ ಬೇಡ ಭಾವ, ಹೊತ್ತಲ್ಲದ ಹೊತ್ತಲ್ಲಿ ಬಾರಿಸಿದರೆ ಕೆಲಸದವರು ಗಾಬರಿಯಾಗ್ತಾರೆ. ನಾಳೆ ಸರಿಯಾಗಿ ಏಳಕ್ಕೆ ಬನ್ನಿ,’ ಎಂದೆ. ‘ನಿಮ್ಮ ಸ್ಟೇಷನ್ ನಮ್ಮಲ್ಲಿಗೆ ಬಂದ ಮೇಲೆ ಒಂದು ದಿನವೂ ಲೇಟಾಗಿಲ್ಲ.’