ಇನ್ನೂ ಪಾರ್ಟು ಇಳಿದಿಲ್ಲ

ಯಲ್ದೂರಿನ ಹಾಲಿನ ಡೈರಿಯಲ್ಲಿ ಹಾಲು ಅಳೆದು ಫ್ಯಾಟು ನೋಡುವ ಮುನಿಕೃಷ್ಣನ ಮೇಲೆ ಊರಿಗೆ ಅಭಿಮಾನವಿತ್ತು. ಯಾರು ಹಾಲಿಗೆ ನೀರು ಬೆರೆಸಿದ್ದಾರೆಂದು ಮಿಷನ್ನು ಹೇಳಿದರೂ ಅವನು ಸಾಲಿನಲ್ಲಿ ನಿಂತವರ ಮುಂದೆ ಅವರ ಮಾನ ಕಳೆಯುತ್ತಿರಲಿಲ್ಲ. ಆದರೆ ಅಭಿಮಾನಕ್ಕೆ ನಿಜವಾದ ಕಾರಣ ಅದಲ್ಲ, ಅವನು ಹಾಕುತ್ತಿದ್ದ ಹೆಣ್ಣು ಪಾರ್ಟು. ಆ ಸೀಮೆಯವರಿಗೆ ಪೌರಾಣಿಕ ನಾಟಕದ ಹುಚ್ಚು ಇನ್ನೂ ಬಿಟ್ಟಿಲ್ಲ. ಮಾವಿನ ಫಸಲು ಮಂಡಿಗೆ ಹೋಗಿ ಮುಗಿದರೆ ಸಾಕು, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸುವುದೇನು, ಯಾರಿಗೆ ಯಾವ ರಾಜನ ಪಾರ್ಟು ಎಂದು ಕಿತ್ತಾಡುವುದೇನು. ಗದೆ ಎತ್ತಲಾರದವನಿಗೂ ಗದೆಯ ಪಾರ್ಟೇ ಬೇಕು. ಹೆಣ್ಣು ಪಾರ್ಟಿಗೆ ಮಾತ್ರ ಯಾರೂ ಜಗಳವಾಡುತ್ತಿರಲಿಲ್ಲ. ಅದಕ್ಕೆ ಹೊರಗಿನಿಂದ ನಟಿಯರನ್ನು ಕರೆಸುತ್ತಿದ್ದರು. ಒಂದು ವರ್ಷ ರಾಣಿ ಪಾರ್ಟಿನ ನಟಿ ಬರಲೇ ಇಲ್ಲ. ಆಗಿನ್ನೂ ಮೀಸೆ ಮೂಡದ ಮುನಿಕೃಷ್ಣನಿಗೆ ಸೀರೆ ಉಡಿಸಿ ನಿಲ್ಲಿಸಿದರು. ಅಲ್ಲಿಂದ ಮುಂದೆ ಯಲ್ದೂರಿನವರು ನಟಿಯರನ್ನು ಕರೆಸಲಿಲ್ಲ.

ಸೀರೆ ಉಟ್ಟು ಕನ್ನಡಿಯ ಮುಂದೆ ಕೂತಾಗ ಅವನಿಗೆ ಆಗುತ್ತಿದ್ದುದನ್ನು ಯಾರಿಗೂ ಹೇಳಿರಲಿಲ್ಲ. ಆ ಹೊತ್ತಿನಲ್ಲಿ ಮೈ ತನ್ನದು ಅನ್ನಿಸುತ್ತಿತ್ತು. ನಾಟಕ ಮುಗಿದು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿದ ಮೇಲೆ ಎರಡು ಮೂರು ದಿನ ಊಟ ಸೇರುತ್ತಿರಲಿಲ್ಲ, ಮಾತು ಬೇಡವಾಗುತ್ತಿತ್ತು. ಕಲಾವಿದರಿಗೆ ಹಾಗಾಗುವುದುಂಟು ಎಂದು ಊರು ನಂಬಿತ್ತು. "ಇನ್ನೂ ಪಾರ್ಟು ಇಳಿದಿಲ್ಲ, ಅವನ್ನ ಮಾತಾಡಿಸ್ಬೇಡಿ" ಎಂದು ಅವನ ತಾಯಿ ದೊಡ್ಡವೆಂಕಟಮ್ಮ ಬಂದವರನ್ನು ಬಾಗಿಲಲ್ಲೇ ತಡೆಯುತ್ತಿದ್ದಳು. ಇಳಿಯುವುದೇನೂ ಇರಲಿಲ್ಲ ಪಾಪ. ಅವನಿಗೆ ಗಂಡಸಿನ ಪಾರ್ಟನ್ನು ಮತ್ತೆ ಏರಿಸಿಕೊಳ್ಳುವುದೇ ಕಷ್ಟವಾಗುತ್ತಿತ್ತು.

ಇದನ್ನು ಮೊದಲು ಕಂಡುಕೊಂಡವನು ಕೌಸ್ತುಭ್. ಮುಳಬಾಗಿಲಿನ ಮಠದ ಬೀದಿಯ ಪುರೋಹಿತರ ಮನೆಯ ಹುಡುಗ, ಬೆಂಗಳೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ. ಮುಳಬಾಗಿಲಿನಲ್ಲಿ ನಾಟಕವಾದಾಗ ಬಣ್ಣದ ಕೋಣೆಗೆ ಬಂದು, ನಮ್ಮಂಥವರೇ ಸೇರುವ ಒಂದು ಜಾಗ ಬೆಂಗಳೂರಿನಲ್ಲಿದೆ, ಒಮ್ಮೆ ಬನ್ನಿ ಎಂದ. ನಮ್ಮಂಥವರು ಅಂದರೆ ಯಾರು ಎಂದು ಮುನಿಕೃಷ್ಣ ಕೇಳಲಿಲ್ಲ. ಕೇಳದೆಯೇ ಅರ್ಥವಾಗಿತ್ತು.

ತಿಂಗಳಿಗೊಂದು ಭಾನುವಾರ ಅವನು ಶ್ರೀನಿವಾಸಪುರಕ್ಕೆ ಹೋಗಿ ಬಸ್ಸು ಹತ್ತತೊಡಗಿದ. ಮನೆಯಲ್ಲಿ ರಿಹರ್ಸಲ್ ಎಂದು ಹೇಳಿದ. ಬೆಂಗಳೂರಿನಲ್ಲಿ ಒಂದು ಹಳೇ ಮನೆಯ ಮಹಡಿಯ ಮೇಲೆ ಜನ ಸೇರುತ್ತಿದ್ದರು. ಹಾಡು, ಪದ್ಯ, ಚಿತ್ರ, ಟೀ, ಹರಟೆ. ಗಡ್ಡ ಬಿಟ್ಟು ಸೀರೆ ಉಟ್ಟವರಿದ್ದರು, ಕೈ ಕೈ ಹಿಡಿದು ಕೂತ ಹುಡುಗಿಯರಿದ್ದರು. ಮೊದಲ ದಿನ ಒಬ್ಬಳು, "ನಿಮ್ಮನ್ನ ಅವನು ಅನ್ಬೇಕಾ, ಅವಳು ಅನ್ಬೇಕಾ?" ಎಂದು ಕೇಳಿದಳು. ಅಂಥ ಪ್ರಶ್ನೆಯನ್ನು ಮುನಿಕೃಷ್ಣ ಜನ್ಮದಲ್ಲಿ ಕೇಳಿರಲಿಲ್ಲ. "ಅವರು ಅನ್ನಿ ಸಾಕು. ನಮ್ಮೂರಲ್ಲಿ ಇನ್ನೂ ಯಾರೂ ನಂಗೆ ಬಹುವಚನ ಕೊಟ್ಟಿಲ್ಲ" ಎಂದ. ಮಹಡಿಯೆಲ್ಲ ನಕ್ಕಿತು. ಅವನೂ ಬಾಯಿಗೆ ಕೈ ಅಡ್ಡ ಇಡದೆ ನಕ್ಕ.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಮದುವೆ ಬಂತು. ಹುಡುಗಿಯನ್ನು ಹುಡುಕುವ ಕೆಲಸವೂ ಇರಲಿಲ್ಲ. ಅಕ್ಕ ಸರಳಾಳನ್ನು ಮುಳಬಾಗಿಲಿನ ಕಡೆಗೆ ಕೊಟ್ಟಿದ್ದರು. ಅವಳ ಮಗಳು ಅನಿತ ಹುಟ್ಟಿದ ದಿನವೇ, ಸೊಸೆ ಹುಟ್ಟಿದಳು ಎಂದು ಈ ಮನೆಯಲ್ಲಿ ಪಾಯಸ ಮಾಡಿದ್ದರು. ಅಕ್ಕನ ಮಗಳನ್ನು ತಮ್ಮನಿಗೆ ತರುವುದು ಆ ಕಡೆ ಇವತ್ತಿಗೂ ಇದೆ, ಯಾರೂ ಹುಬ್ಬೇರಿಸುವುದಿಲ್ಲ. ಮುನಿಕೃಷ್ಣ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿದ್ದ, ಹೇನು ಹೆಕ್ಕಿ ಜಡೆ ಹೆಣೆದಿದ್ದ. ಈಗ ಅವಳ ಡಿಗ್ರಿ ಮುಗಿದಿತ್ತು. ಮಾಘದಲ್ಲಿ ಲಗ್ನ ಎಂದು ಅಪ್ಪ ದೊಡ್ಡನಾರಾಯಣಪ್ಪ ಹೇಳಿಬಿಟ್ಟಿದ್ದ.

ತನ್ನ ಬಾಳು ಹಾಳಾದರೆ ಹಾಳಾಗಲಿ, ಆ ಮಗುವಿನ ಬಾಳು ಹಾಳಾಗಬಾರದು ಎಂದು ಮುನಿಕೃಷ್ಣನಿಗೆ ಸಂಕಟ. ಹೇಳಿಬಿಡಬೇಕೆಂದು ಎಷ್ಟೋ ಸಲ ಅಪ್ಪನ ಎದುರು ಹೋಗಿ ಕೂತ. ಯಾವ ಮಾತಿನಲ್ಲಿ ಹೇಳುವುದು? ತನ್ನಂಥವರಿಗೆ ಗಡಿ ಸೀಮೆಯ ಆ ಮನೆಯ ಕನ್ನಡದಲ್ಲಿ ಇದ್ದ ಮಾತೂ ಬೈಗುಳ, ತೆಲುಗಿನಲ್ಲಿ ಇದ್ದದ್ದೂ ಬೈಗುಳ. ತನ್ನನ್ನು ತಾನೇ ಬೈದುಕೊಳ್ಳದೆ ತಾನು ಯಾರೆಂದು ಹೇಳಲು ಅಲ್ಲಿ ದಾರಿಯೇ ಇರಲಿಲ್ಲ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಪ್ರತಿ ಸಲವೂ ಎಮ್ಮೆಯ ವಿಷಯವೋ ಹಿಂಡಿಯ ವಿಷಯವೋ ಮಾತಾಡಿ ಎದ್ದು ಬಂದ.

"ಮೊದ್ಲು ನಮ್ಮ ಮುಂದೆ ಹೇಳಿ ನೋಡಿ" ಎಂದ ಕೌಸ್ತುಭ್. "ನಮ್ಮ ಗುಂಪಿನ ವರ್ಷದ ಹಬ್ಬ ಬರ್ತಿದೆ. ರಂಗಮಂದಿರ ತಗೊಂಡಿದೀವಿ. ಸೀರೇಲಿ ಬಂದು ನಿಮ್ಮ ಕಥೆ ನೀವೇ ಹೇಳಿ. ಒಂದ್ಸಲ ಬಾಯಿಂದ ಬಂದ್ರೆ ಮನೇಲೂ ಬರುತ್ತೆ."

ಮುನಿಕೃಷ್ಣ ಒಪ್ಪಿದ. ಅಲ್ಲಿ ಹೇಳಿ, ಆ ಧೈರ್ಯ ಆರುವ ಮುಂಚೆ ಊರಿಗೆ ಬಂದು ಅಪ್ಪನಿಗೆ ಹೇಳಿ, ಮದುವೆ ನಿಲ್ಲಿಸುವುದೆಂದು ತೀರ್ಮಾನಿಸಿದ. ಹಬ್ಬದ ಪೋಸ್ಟರು ಅವನ ಫೋನಿಗೆ ಬಂತು. ಕಾಮನಬಿಲ್ಲಿನ ಬಣ್ಣದ ಪಟ್ಟಿ, ನಡುವೆ ಸೀರೆಯುಟ್ಟ ಅವನ ಫೋಟೊ, ಸುತ್ತ ಪೂರಾ ಇಂಗ್ಲಿಷು. ಡೈರಿಯಲ್ಲಿ ಫೋನು ಚಾರ್ಜಿಗೆ ಹಾಕಿದ್ದಾಗ ಅದು ಆಂಜಿಯ ಕಣ್ಣಿಗೆ ಬಿತ್ತು. ಆಂಜಿ ಡೈರಿಯಲ್ಲಿ ಕ್ಯಾನು ಎತ್ತುವವನು, ನಾಟಕಗಳಲ್ಲಿ ಪರದೆ ಎಳೆಯುವವನು, ಹೊಟ್ಟೆಯಲ್ಲಿ ವಿಷವಿಲ್ಲದವನು. ಇಂಗ್ಲಿಷು ಅವನಿಗೆ ಬರುವುದಿಲ್ಲ, ಆದರೆ ಅಂಕಿ ಬರುತ್ತದೆ. ತಾರೀಖು ಓದಿಕೊಂಡ, ಪೋಸ್ಟರನ್ನು ತನ್ನ ಫೋನಿನಲ್ಲಿ ಫೋಟೊ ಹೊಡೆದು, ಮುನಿಕೃಷ್ಣ ಸೇರಿರದ ಊರಿನ ವಾಟ್ಸಾಪ್ ಗುಂಪಿಗೆ ಕಳಿಸಿದ. ಕೆಳಗೆ ಬರೆದ: ನಮ್ಮೂರ ಹೆಮ್ಮೆಯ ಕಲಾವಿದ ಮುನಿಕೃಷ್ಣನ ನಾಟಕ, ಬೆಂಗಳೂರಿನಲ್ಲಿ, ಎಲ್ಲರೂ ಬನ್ನಿ.

ಊರಿನಲ್ಲಿ ಯಾರೂ ಆ ಇಂಗ್ಲಿಷು ಓದುವ ಗೋಜಿಗೆ ಹೋಗಲಿಲ್ಲ. ಹೇಳದೆ ಹೋಗಿ ಇವನಿಗೆ ಖುಷಿ ಕೊಡೋಣವೆಂದು ಊರು ಬಾಯಿ ಬಿಗಿಹಿಡಿಯಿತು. ಚಾಡಿ ಹೇಳಲು ಬೇಡವೆಂದರೂ ತೆರೆಯುವ ಬಾಯಿಗಳು, ಆ ವಾರ ಮಾತ್ರ ಹೊಲಿದ ಹಾಗಿದ್ದವು.

ಹಬ್ಬದ ಭಾನುವಾರ ಮಧ್ಯಾಹ್ನ ಮುನಿಕೃಷ್ಣ ರಂಗಮಂದಿರದ ಪರದೆಯ ಸಂದಿಯಿಂದ ಇಣುಕಿದ. ಮುಂದಿನ ಎರಡು ಸಾಲು ಪೂರ್ತಿ ಯಲ್ದೂರು. ಟೆಂಪೊ ಟ್ರಾವೆಲರ್ ಮಾಡಿಕೊಂಡು ಬಂದಿದ್ದರು. ಅಪ್ಪನ ತೊಡೆಯ ಮೇಲೆ ಬಾಳೆಎಲೆಯಲ್ಲಿ ಸುತ್ತಿದ ಸುಗಂಧರಾಜದ ಹಾರ. ಪಕ್ಕದಲ್ಲಿ ರೇಷ್ಮೆ ಸೀರೆಯ ಅಮ್ಮ, ಅಕ್ಕ ಸರಳಾ, ಅದರಾಚೆ ಅನಿತ. ಸುತ್ತಮುತ್ತ ಬಣ್ಣದ ಕೂದಲಿನವರು, ಮೂಗುತಿಯ ಗಂಡಸರು. ಅವರನ್ನೆಲ್ಲ ಬೇರೆ ಬೇರೆ ಪಾರ್ಟಿನವರೆಂದು ತಿಳಿದು ಅಮ್ಮ ಒಬ್ಬನ ಸೆರಗು ಸರಿಮಾಡಿ ಪಿನ್ನು ಹಾಕಿಕೊಡುತ್ತಿದ್ದಳು.

ಕೌಸ್ತುಭ್ ಓಡಿ ಬಂದ. "ಬೇಡ ಅಂದ್ರೆ ಬೇಡ ಬಿಡಿ. ಬರೀ ಹಾಡು ಹೇಳ್ಬಿಡಿ."

ಮುನಿಕೃಷ್ಣ ಸೀರೆಯ ನೆರಿಗೆ ಸರಿಮಾಡಿಕೊಂಡ. ಅಪ್ಪನ ಎದುರು ಕೂತು ಹೇಳಲಾಗದ್ದನ್ನು ಇಲ್ಲಿ ಹೇಳಬಹುದು. ಇಲ್ಲಿ ದೀಪವಿದೆ, ಸೀರೆಯಿದೆ, ಬೆನ್ನಿಗೆ ಜನರಿದ್ದಾರೆ. "ಇಲ್ಲ ಸಾರ್, ಹೇಳೋದೇ ಆದ್ರೆ ಇವತ್ತೇ" ಎಂದ. ಅವನು ಅಷ್ಟು ಧೈರ್ಯ ಮಾಡಿದ್ದು ಅದೇ ಮೊದಲು.

ವೇದಿಕೆಯ ನಡುವೆ ಬಂದು ಕೈಮುಗಿದ. "ನನ್ನ ಹೆಸ್ರು ಮುನಿಕೃಷ್ಣ. ಯಲ್ದೂರು ನಮ್ದು. ನೀವು ಈ ಸೀರೆ ನೋಡಿ ವೇಷ ಅಂತೀರಿ. ಇದು ವೇಷ ಅಲ್ಲ. ಬೆಳಿಗ್ಗೆ ಎದ್ದು ಪ್ಯಾಂಟು ಹಾಕ್ಕೊಂಡು, ಗಂಟಲು ಗಡಸು ಮಾಡ್ಕೊಂಡು ಡೈರಿಗೆ ಹೋಗ್ತೀನಲ್ಲ, ಅದು ವೇಷ. ಅದನ್ನ ಹಾಕಿ ಹಾಕಿ ನಂಗೆ ಸಾಕಾಗಿದೆ. ಮನೇಲಿ ಮದುವೆ ಗೊತ್ತು ಮಾಡಿದಾರೆ. ಹುಡುಗಿ ಬಂಗಾರದಂಥವಳು. ನಾನು ಅವಳಿಗೆ ಗಂಡ ಆಗೋಕಾಗಲ್ಲ. ಯಾವ ಹೆಣ್ಣಿಗೂ ಆಗೋಕಾಗಲ್ಲ. ಅಪ್ಪ, ಅಮ್ಮ, ಈ ಮದುವೆ ನಿಲ್ಸಿ. ನಿಮ್ಮ ಕಾಲಿಗೆ ಬೀಳ್ತೀನಿ."

ಕೊನೆಯ ಮಾತಿಗೆ ದನಿ ಒಡೆಯಿತು. ಆಗ ಮುಂದಿನ ಸಾಲಿನಲ್ಲಿ ಆಂಜಿ ಎದ್ದು ನಿಂತು ಸಿಳ್ಳೆ ಹೊಡೆದ.

"ಒನ್ಸ್ ಮೋರ್" ಎಂದ.

ಎರಡು ಸಾಲಿಗೆ ಎರಡು ಸಾಲೇ ಎದ್ದು ಒನ್ಸ್ ಮೋರ್ ಎಂದಿತು. ದೊಡ್ಡನಾರಾಯಣಪ್ಪ ಟವೆಲ್ಲು ಬೀಸುತ್ತಿದ್ದ. ಹಿಂದೆ ಕೂತ ಬೆಂಗಳೂರಿನವರಿಗೆ ಬೇರೆಯೇ ಅರ್ಥವಾಯಿತು. ಮಗ ಹೀಗೆ ಹೇಳಿದರೆ ಮನೆಯಿಂದ ಹೊರಗೆ ಹಾಕಿಸಿಕೊಂಡವರೇ ಅವರಲ್ಲಿ ಹೆಚ್ಚು. ಇಲ್ಲಿ ನೋಡಿದರೆ ಊರಿಗೆ ಊರೇ ವ್ಯಾನು ಮಾಡಿಕೊಂಡು ಹಾರದ ಸಮೇತ ಬಂದು, ಇನ್ನೊಮ್ಮೆ ಹೇಳು ಮಗನೇ ಅನ್ನುತ್ತಿದೆ. ಅವರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಕೆಲವರು ಅಳುತ್ತಿದ್ದರು. ಕೌಸ್ತುಭನ ಕಣ್ಣಲ್ಲೂ ನೀರು. ಎರಡು ಕಡೆಯ ತಪ್ಪೂ ತಿಳಿದವನು ವೇದಿಕೆಯ ಮೇಲೆ ಒಬ್ಬನೇ ನಿಂತಿದ್ದ.

ಒನ್ಸ್ ಮೋರ್ ಬಿದ್ದ ಮೇಲೆ ಹೇಳಲೇಬೇಕು. ಇಲ್ಲದಿದ್ದರೆ ಅದು ಸಭೆಗೆ ಮಾಡಿದ ಅವಮಾನ. ಮುನಿಕೃಷ್ಣ ಇನ್ನೊಮ್ಮೆ ಹೇಳಿದ. ಈ ಸಲ ರಾಗವಿಲ್ಲದೆ, ಮನೆಯಲ್ಲಿ ಅನ್ನ ಕೇಳುವ ದನಿಯಲ್ಲಿ, ಅಮ್ಮನ ಮುಖವನ್ನೇ ನೋಡುತ್ತ ಹೇಳಿದ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಅವನ ಎಲ್ಲ ನಾಟಕಕ್ಕೂ ಹಾಗೇ ಕಣ್ಣೊರೆಸಿಕೊಳ್ಳುತ್ತಿದ್ದಳು.

ದೊಡ್ಡನಾರಾಯಣಪ್ಪ ಹಾರ ಹಿಡಿದು ವೇದಿಕೆ ಹತ್ತಿದ. ಕಲಾವಿದನಿಗೆ ಹಾರ ಹಾಕಿದವರು ಮೈಕಿನಲ್ಲಿ ನಾಲ್ಕು ಮಾತಾಡುವುದು ಪದ್ಧತಿ. ಮಗನ ಕೊರಳಿಗೆ ಹಾರ ಹಾಕಿ ಮೈಕು ಹಿಡಿದ. "ನನ್ ಮಗ ಬೆಂಗಳೂರಲ್ಲಿ ಇಷ್ಟು ಹೆಸರು ತಗೊಂಡಿದಾನೆ ಅಂತ ನಮಗೆ ಗೊತ್ತೇ ಇರ್ಲಿಲ್ಲ. ಕಲಾಭಿಮಾನಿಗಳು ನೀವು, ದೊಡ್ಡವರು. ಬರೋ ಮಾಘದಲ್ಲಿ ಇವನ ಮದುವೆ. ಹುಡುಗಿ ನನ್ನ ಮೊಮ್ಮಗಳೇ, ಅಲ್ಲೇ ಕೂತವಳೆ, ನೋಡಿ. ತಾವೆಲ್ಲ ಯಲ್ದೂರಿಗೆ ಬಂದು ಅಕ್ಷತೆ ಹಾಕ್ಬೇಕು. ನಾಲ್ಕು ಜನರ ಮುಂದೆ ಕರೀತಿದೀನಿ, ಮಾತು ಅಂದ್ರೆ ಮಾತು."

ಯಲ್ದೂರಿನವರು ಚಪ್ಪಾಳೆ ತಟ್ಟಿದರು. ಬೆಂಗಳೂರಿನವರ ಕೈಗಳು ಅಲ್ಲೇ ನಿಂತವು.

"ಅಪ್ಪ" ಎಂದ ಮುನಿಕೃಷ್ಣ. "ನಾನ್ ಹೇಳಿದ್ದು ನಾಟಕದ ಮಾತಲ್ಲ."

"ಗೊತ್ತು ಕಣೋ, ಗೊತ್ತು" ಎಂದು ಅಪ್ಪ ಅವನ ಬೆನ್ನು ತಟ್ಟಿದ. "ಹಂಗ್ ಒಳಗಿಂದ ಬಂದ್ರೇನೇ ಅದು ಡೈಲಾಗು."

"ಅಮ್ಮ, ನೀನಾದ್ರೂ ಕೇಳು. ದೇವರಾಣೆ, ನಿಜ ಹೇಳ್ತಿದೀನಿ."

ಅಷ್ಟರಲ್ಲಿ ಮೇಲೆ ಬಂದಿದ್ದ ದೊಡ್ಡವೆಂಕಟಮ್ಮ ಅವನ ಕೆನ್ನೆ ಸವರಿ, ತನ್ನ ತಲೆಗೆ ಬೆರಳು ಒತ್ತಿ ನೆಟಿಕೆ ಮುರಿದು ದೃಷ್ಟಿ ತೆಗೆದಳು. "ಇನ್ನೂ ಪಾರ್ಟು ಇಳಿದಿಲ್ಲ ನಾಯನಾ. ಬಾ, ನೀರು ಕುಡಿ" ಎಂದಳು. ಮುನಿಕೃಷ್ಣನಿಗೆ ಅಲ್ಲೇ ಕೂತು ಗಟ್ಟಿಯಾಗಿ ಅಳಬೇಕೆನ್ನಿಸಿತು. ಅತ್ತರೆ ಅದಕ್ಕೂ ಒನ್ಸ್ ಮೋರ್ ಅಂದಾರು ಎಂದು ಹೆದರಿ ನೀರು ಕುಡಿದ.

ಬಣ್ಣದ ಕೋಣೆಯಲ್ಲಿ ಕೌಸ್ತುಭ್ ಅವನ ಕೈ ಹಿಡಿದುಕೊಂಡ. "ನಾನು ಮಾತಾಡ್ಲಾ ನಿಮ್ಮ ತಂದೆ ಹತ್ರ?"

"ಏನಂತ ಮಾತಾಡ್ತೀರಾ ಸಾರ್. ನಂಗೆ ಸಿಗದಿರೋ ಮಾತು ನಿಮಗೆ ಸಿಗುತ್ತಾ" ಎಂದ ಮುನಿಕೃಷ್ಣ. ಸೀರೆ ಬಿಚ್ಚಿ ಮಡಿಸಿಟ್ಟು, ಪ್ಯಾಂಟು ಹಾಕಿಕೊಂಡು ಊರಿನವರ ಜೊತೆ ವ್ಯಾನು ಹತ್ತಿದ.

ವ್ಯಾನಿನಲ್ಲಿ ಅದೇ ಮಾತು. ಆ ಡೈಲಾಗು ಯಾರು ಬರೆದುಕೊಟ್ಟದ್ದು, ನಮ್ಮ ಮೇಷ್ಟ್ರಿಗೆ ಅದನ್ನು ಕಳಿಸು, ಮುಂದಿನ ನಾಟಕಕ್ಕೆ ಸೇರಿಸೋಣ. ಹೊಸಕೋಟೆ ದಾಟಿ ನರಸಾಪುರದ ಹತ್ತಿರ ಹೋಟೆಲು ಕಂಡಾಗ ಎಲ್ಲರೂ ದೋಸೆ ತಿನ್ನಲು ಇಳಿದರು. ಬಿಸಿಲು ಇನ್ನೂ ಪೂರ್ತಿ ಹೋಗಿರಲಿಲ್ಲ. ಮುನಿಕೃಷ್ಣ ಹಸಿವಿಲ್ಲವೆಂದು ಕೂತೇ ಇದ್ದ. ಅನಿತ ಬಂದು ಎದುರಿನ ಸೀಟಿನಲ್ಲಿ ಕೂತಳು.

"ಮಾವ, ನೀನ್ ಹೇಳಿದ್ದು ಡೈಲಾಗ್ ಅಲ್ಲ ಅಲ್ವಾ?"

ಅವನು ತಲೆಯೆತ್ತಿ ಅವಳನ್ನು ನೋಡಿದ. "ಅಲ್ಲ."

"ನಂಗೆ ಅಮ್ಮನ ಫೋನಲ್ಲಿ ಪೋಸ್ಟರ್ ಓದಿದಾಗ್ಲೇ ಗೊತ್ತಾಯ್ತು. ಅದಕ್ಕೇ ನಾನೂ ಬರ್ತೀನಿ ಅಂತ ಹಟ ಮಾಡಿ ಬಂದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆ ದಿನ ಮೊದಲ ಬಾರಿಗೆ ಮನೆಯವರಲ್ಲಿ ಒಬ್ಬರು ಅವನ ಮಾತನ್ನು ಮಾತೆಂದು ಕೇಳಿಸಿಕೊಂಡಿದ್ದರು. ಮುನಿಕೃಷ್ಣನಿಗೆ ಹೋದ ಜೀವ ಬಂದ ಹಾಗಾಯಿತು. ಮುಂದಕ್ಕೆ ಬಗ್ಗಿ ಅವಳ ಎರಡೂ ಕೈ ಹಿಡಿದುಕೊಂಡ.

"ಹಂಗಾದ್ರೆ ನೀನೇ ಹೇಳ್ಬಿಡು ಅನಿತ. ನನ್ ಮಾತು ಅವರಿಗೆ ನಾಟಕ ಆಗೋಯ್ತು. ನೀನ್ ಹೇಳು. ಹುಡುಗೀನೇ ಬೇಡ ಅಂದ್ಮೇಲೆ ಯಾರ್ ತಾನೇ ಬಲವಂತ ಮಾಡ್ತಾರೆ?"

ಅನಿತ ಹೋಟೆಲಿನ ಕಡೆ ನೋಡಿದಳು. ಅಲ್ಲಿ ಅವಳ ಅಜ್ಜಿ ಯಾರಿಗೋ ಚಟ್ನಿ ಹಾಕಿಸುತ್ತ ನಗುತ್ತಿದ್ದಳು.

"ಹೇಳ್ದೆ ಮಾವ" ಎಂದಳು. "ದೀಪಾವಳಿಗೆ ಮುಂಚೇನೇ ಹೇಳ್ದೆ. ಅಡುಗೆಮನೇಲಿ ಎಲ್ಲಾರೂ ಇದ್ರು. ನಾನು ಒಲ್ಲೆ, ಈ ಮದುವೆ ಬೇಡ ಅಂದೆ. ಹುಡುಗೀಗೆ ನಾಚಿಕೆ ಬಂದ್ಬಿಡ್ತು ಅಂತ ಎಲ್ಲಾರೂ ನಕ್ರು. ಇನ್ನೊಂದ್ಸಲ ಗಟ್ಟಿಯಾಗಿ ಹೇಳ್ದೆ. ಅಜ್ಜಿ ಎದ್ದು ಬಂದು ನನ್ ಬಾಯಿಗೆ ಸಕ್ಕರೆ ಹಾಕಿದ್ಲು."