ಪಕ್ಕದ ಮನೆಯ ಗೋಡೆ ನೆನೆಸಿದವನು

ಅಕ್ಕಾ, ಪಕ್ಕದ ಮನೆಯ ಆ ಗೋಡೆಗೆ ಶೀತ ಹಿಡಿದಿರಲಿಲ್ಲ. ನೀರು ಹಾಕಿ ನೆನೆಸಿದವನು ನಾನು. ನೀನು ಆ ಮನೆ ಕೊಳ್ಳಬಾರದು, ನನ್ನ ಪಕ್ಕದಲ್ಲಿ ಬಂದು ಇರಬಾರದು ಅಂತಲೇ ನೆನೆಸಿದೆ. ಇಷ್ಟು ಹೇಳಿಬಿಟ್ಟರೆ ಉಳಿದದ್ದು ಸುಲಭವಾಗುತ್ತದೆ ಅಂದುಕೊಂಡಿದ್ದೆ — ಆಗುತ್ತಿಲ್ಲ.

ಕಾರಣ ಕೇಳಿದರೆ ನೀನು ನಗುತ್ತೀಯೋ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತೀಯೋ ಗೊತ್ತಿಲ್ಲ. ಮಂಡಕ್ಕಿ, ಮೆಣಸಿನಕಾಯಿ. ಅಷ್ಟೇ. ಸಂಜೆ ಚಪ್ಪಲಿ ಅಂಗಡಿಯ ಬಾಗಿಲು ಎಳೆದು ಮನೆಗೆ ಬರುವ ದಾರಿಯಲ್ಲಿ ಒಂದು ಗಾಡಿ ನಿಲ್ಲುತ್ತದೆ. ಒಗ್ಗರಣೆ ಮಂಡಕ್ಕಿ, ಎಣ್ಣೆಯಿಂದ ಆಗ ತಾನೇ ಎತ್ತಿದ ಮೆಣಸಿನಕಾಯಿ ಬಜ್ಜಿ, ಖಾರ ಇಳಿಯಲಿ ಅಂತ ಮೇಲೊಂದು ಜಿಲೇಬಿ — ಸಕ್ಕರೆ ಕಾಯಿಲೆಯವನಾದ ನಾನು ಮಾತ್ರೆ ಮರೆತರೂ ಇದನ್ನು ಮರೆತವನಲ್ಲ. ನೀನೋ, ಹಿರಿಯೂರಿನ ಆಸ್ಪತ್ರೆಯಲ್ಲಿ ಜೀವಮಾನವೆಲ್ಲ ನರ್ಸಾಗಿದ್ದವಳು. ಹಬ್ಬಕ್ಕೆ ಅಂತ ಬಂದರೂ ಮೊದಲು ನನ್ನ ಬೆರಳು ಚುಚ್ಚಿ ಸಕ್ಕರೆ ನೋಡಿ, ಆಮೇಲೆ ಕುಶಲ ಕೇಳುತ್ತಿದ್ದೆ. ಅಂಥವಳು ಗೋಡೆಯಾಚೆಗೇ ಬಂದು ನೆಲೆಸಿದರೆ ನನ್ನ ಸಂಜೆಗಳ ಗತಿ ಏನು? ಆಗ ನನಗಿದ್ದ ಚಿಂತೆ ಅದೊಂದೇ.

ಭಾವ ತೀರಿಕೊಂಡು, ನಿನಗೆ ನಿವೃತ್ತಿಯೂ ಆದ ಮೇಲೆ ನೀನು ನನ್ನನ್ನು ಕೇಳಿದ್ದು ಒಂದೇ ಒಂದು.

"ಸಿದ್ದ, ನಿನ್ ಹತ್ರ ಎಲ್ಲಾರ ಒಂದು ಮನೆ ನೋಡಪ್ಪ. ಒಬ್ಳೇ ಉಂಡು ಒಬ್ಳೇ ಮಲಗಿ ಸಾಕಾಗೈತೆ."

ಅದೇ ಹೊತ್ತಿಗೆ ನಮ್ಮ ಪಕ್ಕದ ಮಾಸ್ತರು ದಾವಣಗೆರೆಯ ಮಗಳ ಮನೆಗೆ ಹೊರಟರು. ಮನೆ ಮಾರಿಕೊಡಪ್ಪ ಅಂತ ಬೀಗದ ಕೈಯನ್ನು ನನ್ನ ಕೈಗೇ ಇಟ್ಟರು. ಕೋಟೆಯ ಬುಡದ ನಮ್ಮ ಓಣಿಯ ಮನೆಗಳು ನಿನಗೆ ಗೊತ್ತಲ್ಲ, ಎರಡು ಮನೆಗೆ ಒಂದೇ ಗೋಡೆ. ಈ ಕಡೆ ಕೆಮ್ಮಿದರೆ ಆ ಕಡೆಯಿಂದ ಕಷಾಯ ಬರುವಷ್ಟು ಹತ್ತಿರ. ಗಂಡನ ಅಕ್ಕ ಪಕ್ಕಕ್ಕೆ ಬರುತ್ತಾಳೆ ಅಂದರೆ ಯಾವ ಹೆಂಡತಿಯಾದರೂ ಮುಖ ಗಂಟಿಕ್ಕಬೇಕು ಅಂತ ನಾನು ನಂಬಿದ್ದೆ. ನನ್ನ ಶೈಲಾ ಆ ದಿನವೇ ನಿನಗೆ ಫೋನು ಮಾಡಿ ಕರೆದಳು.

ಮೊದಲು ನಾನು ವಾಸ್ತುವಿನ ಮೊರೆ ಹೋದೆ. ಬಾಗಿಲು ದಕ್ಷಿಣಕ್ಕಿದೆ, ಆಯ ಕೂಡಿಬರುವುದಿಲ್ಲ ಅಂತ ಮುಖ ಸಣ್ಣದು ಮಾಡಿಕೊಂಡು ಹೇಳಿದೆ.

"ನಮ್ ಹೆರಿಗೆ ವಾರ್ಡಿನ ಬಾಗ್ಲೂ ದಕ್ಷಿಣಕ್ಕೇ ಇತ್ತು," ಅಂದೆ ನೀನು. "ಅಲ್ಲಿ ಹುಟ್ಟಿದ ಹುಡುಗ್ರೆಲ್ಲ ಚೆನ್ನಾಗೇ ಅವೆ. ಪರೀಕ್ಷೆ ಮಾಡ್ದೆ ಮಾತ್ರೆ ಕೊಡಬಾರ್ದು, ಮನೆನೂ ತಗೋಬಾರ್ದು. ಒಬ್ಬ ಇಂಜಿನಿಯರನ್ನ ಕರ್ಸು."

ಮನೆ ಕೊಳ್ಳುವಾಗ ನಮ್ಮೂರಿನವರು ನೆಂಟರನ್ನು ಕರೆಸುತ್ತಾರೆ, ಜೋಯಿಸರನ್ನು ಕರೆಸುತ್ತಾರೆ; ದುಡ್ಡು ಕೊಟ್ಟು ಇಂಜಿನಿಯರನ್ನು ಕರೆಸಿ ತಪಾಸಣೆ ಮಾಡಿಸಿದ್ದನ್ನು ನಾನು ಕೇಳಿರಲಿಲ್ಲ. ಇಂಜಿನಿಯರ್ ಶಬಾನಾ ಮೇಡಂ ಅವರನ್ನು ಹುಡುಕಿ ಗೊತ್ತು ಮಾಡಿದವನು ನಾನೇ. ಅವರು ಬರುವುದು ಸೋಮವಾರ ಅಂತ ತಿಳಿದ ಗಳಿಗೆಯಲ್ಲೇ ನನ್ನ ತಲೆಯಲ್ಲಿ ಆ ಹುಳ ಹೊಕ್ಕಿತು — ಎಂಥ ಬುದ್ಧಿ ನೋಡು, ಅಂಗಡಿ ವ್ಯಾಪಾರಕ್ಕೆ ಒಂದು ದಿನವೂ ಬಾರದ ಬುದ್ಧಿ.

ಹೊಸ ಗೋಡೆ ಕಟ್ಟಿದಾಗ ಮೇಸ್ತ್ರಿಗಳು ಒದ್ದೆ ಗೋಣಿಚೀಲ ಹೊದಿಸಿ ಕ್ಯೂರಿಂಗ್ ಮಾಡುತ್ತಾರಲ್ಲ, ನಾನು ಅದನ್ನು ಅಜ್ಜನ ಕಾಲದ ಗೋಡೆಗೆ ಮಾಡಿದೆ. ಮಧ್ಯಾಹ್ನ ಊಟಕ್ಕೆ ಬಂದವನು ಮಾಸ್ತರ ಮನೆಗೆ ನುಗ್ಗಿ, ಮೊಳೆಗಳಿಗೆ ಗೋಣಿ ಸಿಕ್ಕಿಸಿ, ಬಕೆಟ್ಟಿನಿಂದ ನೀರು ಎರಚುವುದು. ನಲ್ಲಿಯಲ್ಲಿ ನೀರು ಬಂದ ದಿನ ಓಣಿಯೆಲ್ಲ ಕೊಡ ಹಿಡಿದು ನಿಲ್ಲುವ ಊರು ನಮ್ಮದು. ತೊಟ್ಟಿ ಯಾಕೆ ಖಾಲಿ ಅಂತ ಶೈಲಾ ಕೇಳಿದಳು. ಮಾಸ್ತರ ದಾಸವಾಳದ ಗಿಡ ಒಣಗುತ್ತಿತ್ತು, ಹಾಕಿದೆ ಅಂದೆ. ನಿಮ್ಮ ತಮ್ಮನಿಗೆ ಎಷ್ಟು ಕರುಣೆ ಅಂತ ಅವಳು ನಿನಗೆ ಫೋನಿನಲ್ಲಿ ಹೇಳಿದ್ದು ನನ್ನ ಕಿವಿಗೂ ಬಿತ್ತು.

ಸೋಮವಾರ ಬೆಳಿಗ್ಗೆ ಗೋಣಿ ತೆಗೆದೆ. ಸುಣ್ಣ ಹಪ್ಪಳದ ಹಾಗೆ ಎದ್ದಿತ್ತು. ನನಗೆ ನನ್ನ ಮೇಲೆ ಅಭಿಮಾನವೇ ಹುಟ್ಟಿತು — ಇದನ್ನೂ ಒಪ್ಪಿಕೊಳ್ಳಬೇಕು.

ಶಬಾನಾ ಮೇಡಂ ಬಂದರು. ಮಾಳಿಗೆ ಹತ್ತಿದರು, ತೊಲೆ ತಟ್ಟಿದರು, ಬಾಗಿಲು ತೆಗೆದು ಹಾಕಿ ನೋಡಿದರು. ಎಲ್ಲ ಗಟ್ಟಿಯಾಗಿದೆ ಅಂತ ಅವರು ಹೇಳಿದಾಗಲೆಲ್ಲ ನಿನ್ನ ಮುಖ ಅರಳುತ್ತಿತ್ತು. ಆಮೇಲೆ ಆ ಗೋಡೆಯ ಮುಂದೆ ನಿಂತು ಒಂದು ಸಣ್ಣ ಯಂತ್ರವನ್ನು ಒತ್ತಿದರು. ಅದು ಕೂಗಿಕೊಂಡಿತು.

"ವಿಚಿತ್ರ ಐತಲ್ರಿ," ಅಂದರು. "ಶೀತ ನೆಲದಿಂದ ಮೇಲಕ್ಕೆ ಹತ್ತುತ್ತೆ. ಇದು ಮೇಲಿಂದ ಇಳಿದಂಗೈತೆ. ಆ ಕಡೆ ನಿಮ್ಮ ಬಚ್ಚಲಲ್ವಾ ಸಿದ್ದಣ್ಣ? ಪೈಪೇನಾರ ಒಡೆದೈತಾ?"

ನೀನು ನನ್ನನ್ನೇ ನೋಡುತ್ತಿದ್ದೆ. ಇಲ್ಲ ಅಂದಿದ್ದರೆ — ಮುಂದಿನ ಪ್ರಶ್ನೆ ನೀರು ಎಲ್ಲಿಂದ ಬಂತು ಅನ್ನುವುದೇ. ಹಾಗಾಗಿ ಬಾಯಿಗೆ ಬಂದದ್ದನ್ನು ಹೇಳಿದೆ.

"ಐತೆ ಮೇಡಂ. ನಮ್ಮನೆ ಪೂರಾ ಹಿಂಗೇ ಐತೆ. ಎಷ್ಟು ರಿಪೇರಿ ಮಾಡ್ಸಿದ್ರೂ ನಿಲ್ಲಂಗಿಲ್ಲ."

ಆ ಒಂದು ಮಾತೇ ಸಾಕಾಯಿತು. ಮಣ್ಣಿನ ಗಾರೆಯ ಗೋಡೆ, ಎರಡೂ ಮನೆಗೆ ಸೇರಿದ್ದು, ಆ ಕಡೆಯ ಮನೆ ಸರಿಯಾಗುವವರೆಗೆ ಈ ಮನೆ ಕೊಳ್ಳುವುದು ಬೇಡ ಅಂತ ಮೇಡಂ ಹೇಳಿದರು. ನಾನು ಗೆದ್ದೆ. ನೀನು ಮನೆ ಹೋಯಿತಲ್ಲ ಅಂತ ಕೊರಗುತ್ತೀಯ, ಸಮಾಧಾನ ಮಾಡೋಣ ಅಂತ ಎರಡು ಮಾತು ಸಿದ್ಧಮಾಡಿಕೊಂಡಿದ್ದೆ. ನೀನು ಮನೆಯ ಮಾತೇ ಎತ್ತಲಿಲ್ಲ. ಹತ್ತಿರ ಬಂದು ನನ್ನ ಬೆನ್ನಿಗೆ ಕಿವಿಯಿಟ್ಟೆ.

"ಲೇ, ಇಂಥ ಶೀತದಾಗೆ ಮಲಗ್ತೀಯಾ? ಚಿಕ್ಕಂದಿನಾಗೆ ನಿಂಗೆ ಉಬ್ಬಸ ಇತ್ತು, ಮರ್ತ್ಯಾ?"

ನಾನು ಮರೆತಿದ್ದೆ, ಅಕ್ಕಾ. ಅವ್ವ ಇಲ್ಲದ ಮನೆಯಲ್ಲಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಬೆಳಗು ಮಾಡುತ್ತಿದ್ದವಳು ನೀನು. ಅದನ್ನು ನಾನು ಮರೆತೇಬಿಟ್ಟಿದ್ದೆ.

ಮರುವಾರವೇ ನೀನು ಮೇಸ್ತ್ರಿಯನ್ನು ಕಳಿಸಿ ನನ್ನ ಬಚ್ಚಲು ಅಗೆಸಿದೆ. ನೆಲದಡಿಯ ಮಣ್ಣು ನಶ್ಯದ ಪುಡಿಯಂತೆ ಹಾರಿತು. ಶೈಲಾ ಸೀನಿದಳು, ಮೇಸ್ತ್ರಿ ತಲೆ ಕೆರೆದುಕೊಂಡ, ನಾನು ಮಾತ್ರ ಒಳಗೆಲ್ಲೋ ಶೀತ ಇರಲೇಬೇಕು ಅಂತ ವಾದಿಸಿದೆ. ಒಳ್ಳೆಯ ಬಚ್ಚಲು ಹಾಳಾಯಿತು, ಶೀತ ಹಾಗೇ ಇದೆ ಅಂತಲೇ ನಿನಗೆ ಹೇಳಿದೆ. ಮಾಸ್ತರ ಮನೆಯನ್ನು ಒಬ್ಬ ಟೈಲ್ಸ್ ವ್ಯಾಪಾರಿ ಕಡಿಮೆಗೆ ಕೊಂಡ. ಆ ಪಾಪವೂ ನನ್ನದೇ. ಆ ಗೋಡೆಗೆ ಅವನು ಮಗಳ ಮದುವೆಯ ದೊಡ್ಡ ಫೋಟೊ ಹಾಕಿದ್ದಾನೆ. ಅದಕ್ಕೆ ಇವತ್ತಿನವರೆಗೂ ಒಂದು ಕಲೆ ಬಿದ್ದಿಲ್ಲ.

ನೀನು ಹೊಳಲ್ಕೆರೆಯಲ್ಲಿ ಸೈಟು ಕೊಂಡು, ಅದೇ ಶಬಾನಾ ಮೇಡಂ ಕೈಲಿ ಮನೆಯ ನಕ್ಷೆ ಬರೆಸಿದೆ. ಅದನ್ನು ತಂದು ನಮ್ಮ ನಡುಮನೆಯಲ್ಲಿ ಹರಡಿದ ದಿನ ನಾನು ಬಲು ಉತ್ಸಾಹದಿಂದ ಬಗ್ಗಿ ನೋಡಿದೆ. ಅಡುಗೆಮನೆ, ದೇವರ ಮನೆ, ನಿನ್ನ ಕೋಣೆ. ಪೂರ್ವದ ಮೂಲೆಯಲ್ಲಿ, ಎಲ್ಲಕ್ಕಿಂತ ಹೆಚ್ಚು ಬಿಸಿಲು ಬೀಳುವ ಕಡೆ ಇನ್ನೊಂದು ಕೋಣೆ. ಅದರೊಳಗೆ ಅಂದವಾಗಿ ಬರೆದಿತ್ತು — ತಮ್ಮನ ಕೋಣೆ.

"ಅದಕ್ಕೆ ಪಾಯದ ಮ್ಯಾಲೆ ಶೀತ ಹತ್ತದಂಗೆ ಬೇರೆ ಪಟ್ಟಿ ಹಾಕ್ಸೀನಿ," ಅಂದೆ ನೀನು. "ನಿಮ್ಮನೆ ಗೋಡೆ ಯಾವತ್ತಾರ ಕೈಕೊಟ್ರೆ ಇಬ್ರೂ ಬಂದ್ಬಿಡ್ರಿ. ನಿನ್ ಚಪ್ಪಲಿ ಅಂಗ್ಡಿ ಎಲ್ಲಾದ್ರೂ ನಡೀತೈತೆ."

ಅವತ್ತೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಶೈಲಾ ಚಹಾ ತಂದಳು, ಚಹಾ ಕುಡಿದೆ.

ಗೃಹಪ್ರವೇಶದಲ್ಲಿ ಎಲ್ಲರಿಗೂ ಆ ಕೋಣೆ ತೋರಿಸಿದೆ ನೀನು. ನಾನು ಮಾತ್ರ ಆ ಮನೆಯಲ್ಲಿ ಒಂದು ರಾತ್ರಿಯೂ ಉಳಿಯಲಿಲ್ಲ. ಅಂಗಡಿ ಇದೆ, ಬಸ್ಸು ತಪ್ಪುತ್ತದೆ — ಏನೇನೋ. ಮೋಡ ಕವಿದರೆ ನಿನ್ನ ಫೋನು ಬರುತ್ತದೆ: "ಗೋಡೆ ಹೆಂಗೈತೆ?" ನಾನು ಮಂಡಕ್ಕಿ ಗಾಡಿಯ ಮುಂದೆ ನಿಂತು, ಬಾಯಿ ಒರೆಸಿಕೊಂಡು, "ಹಂಗೇ ಐತೆ" ಅನ್ನುತ್ತೇನೆ.

ಮೊನ್ನೆ ಶೈಲಾ ಹೇಳಿದಳು. ನಿನ್ನ ಮೊಣಕಾಲು ಈಗ ಮೆಟ್ಟಿಲು ಹತ್ತಗೊಡುವುದಿಲ್ಲವಂತೆ. ಶಾಲೆಗೆ ಹೊಸದಾಗಿ ಬಂದ ಟೀಚರಮ್ಮ ಒಬ್ಬಳು ಬಾಡಿಗೆಗೆ ಕೋಣೆ ಕೇಳಿಕೊಂಡು ಬಂದಿದ್ದಳಂತೆ. ಒಳ್ಳೆಯ ಹೆಣ್ಣುಮಗಳು, ಬಂದಿದ್ದರೆ ಜೊತೆಗೆ ಉಣ್ಣುತ್ತಿದ್ದಳು, ಹೊತ್ತಿಗೆ ಆಗುತ್ತಿದ್ದಳು. ನೀನು ಇಲ್ಲ ಅಂದು ಕಳಿಸಿದೆಯಂತೆ.

"ಅದು ತಮ್ಮನ ಕೋಣೆ. ಅವನ ಮನೆ ಗೋಡೆ ನಂಬಂಗಿಲ್ಲ."

ಒಬ್ಬಳೇ ಉಂಡು ಒಬ್ಬಳೇ ಮಲಗಿ ಸಾಕಾಗಿದೆ ಅಂದವಳು ನೀನು. ನಿನ್ನನ್ನು ಒಮ್ಮೆ ನನ್ನ ಪಕ್ಕದಿಂದ ತಪ್ಪಿಸಿದ ಸುಳ್ಳು, ಈಗ ನಿನ್ನ ಪಕ್ಕಕ್ಕೆ ಬರುವವರನ್ನೂ ತಪ್ಪಿಸುತ್ತಿದೆ. ಇದಾದ ಮೇಲೆ ನನಗೆ ಗಾಡಿಯ ಮುಂದೆ ನಿಲ್ಲಲು ಆಗಿಲ್ಲ — ಪಶ್ಚಾತ್ತಾಪ ಅಂತ ದೊಡ್ಡದಾಗಿ ಹೇಳಿಕೊಳ್ಳುವುದಿಲ್ಲ, ಬೇರೆ ದಾರಿ ಹಿಡಿದು ಮನೆಗೆ ಬರುತ್ತೇನೆ, ಅಷ್ಟೇ.

ನಾಳೆ ಹೊಳಲ್ಕೆರೆಗೆ ಬರುತ್ತೇನೆ. ಇಲ್ಲಿ ಹೇಳಿದ್ದನ್ನೆಲ್ಲ ನಿನ್ನ ಮುಖ ನೋಡಿ ಹೇಳುತ್ತೇನೆ. ನಮ್ಮ ಗೋಡೆ ಗಟ್ಟಿಯಾಗಿದೆ, ಕೋಣೆಯನ್ನು ಆ ಟೀಚರಮ್ಮನಿಗೆ ಕೊಡು ಅನ್ನುತ್ತೇನೆ. ಬೆರಳು ಚುಚ್ಚುವುದಾದರೆ ಚುಚ್ಚು, ಹತ್ತಕ್ಕೆ ಹತ್ತೂ ಕೊಡುತ್ತೇನೆ. ಕೇಳುವುದು ಇಷ್ಟೇ. ಅವಳು ಬರುವ ಮೊದಲು, ಎಲ್ಲ ಕೇಳಿದ ಮೇಲೂ ನಿನಗೆ ಮನಸ್ಸಾದರೆ, ತಮ್ಮನ ಕೋಣೆಯಲ್ಲಿ ನನ್ನನ್ನು ಒಂದು ರಾತ್ರಿ ಮಲಗಲು ಬಿಡು. ಮನಸ್ಸಾಗದಿದ್ದರೆ ಕೊನೆಯ ಬಸ್ಸು ಇದ್ದೇ ಇದೆ, ಈ ಸಲ ಅದನ್ನು ನೆಪ ಮಾಡುವುದಿಲ್ಲ.